ಕಾಲು ಮುಟ್ಟಿ ನೋಡಿ

ಕುದುರೆ ಕಾಣಿಸುವ ಮೊದಲು ಅದರ ಉಸಿರು ಕೇಳಿಸುತ್ತದೆ. ಬೆಂಗಳೂರಿನ ರೇಸ್‌ಕೋರ್ಸು, ಡಿಸೆಂಬರಿನ ಬೆಳಗು, ನೀವು ಕಂಬಿಗೆ ಮೈಯಾನಿಸಿ ನಿಂತಿದ್ದೀರಿ. ಆಚೆ ರಸ್ತೆಯಲ್ಲಿ ಮೊದಲ ಬಸ್ಸುಗಳು ಗೇರು ಬದಲಿಸುವ ಸದ್ದು. ಈಚೆ ಮಂಜು, ಒದ್ದೆ ಹುಲ್ಲಿನ ವಾಸನೆ, ಕೈಯಲ್ಲಿ ಆರುತ್ತಿರುವ ಕಾಫಿ. ಅದರ ನಡುವೆ ಹಫ್, ಹಫ್, ಹಫ್. ನಾಗಾಲೋಟಕ್ಕೆ ಬಿದ್ದ ಕುದುರೆ ಒಂದು ದಾಪಿಗೆ ಒಂದೇ ಉಸಿರು ಎಳೆದು ಬಿಡುತ್ತದೆ. ಕಣ್ಣು ಮುಚ್ಚಿಕೊಂಡರೂ ಓಟದ ಬಿರುಸು ಗೊತ್ತಾಗುವುದು ಅದಕ್ಕೇ.

ಅಗೋ ಬಂದ. ಕಂದು ಮೈ, ಹಣೆಯಲ್ಲೊಂದು ಬಿಳಿ ಚುಕ್ಕೆ, ಆರು ವರ್ಷ. ಹುಟ್ಟಿದ್ದು ಕುಣಿಗಲ್ಲಿನಲ್ಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿಕೊಂಡು ಬಂದ ನೆಲದಲ್ಲಿ. ಇವನಲ್ಲಿ ಕಾಲು ಪಾಲು ನಿಮ್ಮದು, ಮುಕ್ಕಾಲು ನಿಮ್ಮ ಮೂವರು ಗೆಳೆಯರದು. ರೇಸ್ ಪುಸ್ತಕದಲ್ಲಿ ಬಾಯಿ ತಿರುಗದ ಇಂಗ್ಲಿಷ್ ಹೆಸರಿದೆ. ಲಾಯದಲ್ಲಿ ಮಾತ್ರ ರಾಜ.

ಕೊನೆಯ ತಿರುವು. ಸವಾರ ಲಗಾಮು ಸಡಿಲ ಬಿಡುತ್ತಾನೆ. ಪಾದದಡಿ ನೆಲ ಅದುರುತ್ತದೆ. ಮಣ್ಣಿನ ಹೆಂಟೆಯೊಂದು ಹಾರಿ ಬಂದು ಕಂಬಿಗೆ ಬಡಿಯುತ್ತದೆ. ಹಫ್, ಹಫ್. ತಲೆ ಒಮ್ಮೆ ಮೇಲಕ್ಕೆ ಜಗ್ಗಿತು. ಲಯ ತಪ್ಪಿತು. ಸವಾರ ರಿಕಾಪಿನ ಮೇಲೆ ಎದ್ದು ನಿಂತು ಎಳೆಯುತ್ತಿದ್ದಾನೆ, ರಾಜ ನಿಲ್ಲುತ್ತಿಲ್ಲ, ಎಡ ಮುಂಗಾಲು ಊರಲಾಗುತ್ತಿಲ್ಲ, ಆದರೂ ಓಡುತ್ತಿದ್ದಾನೆ, ಮುಂದಿರುವ ಕುದುರೆಯನ್ನು ಹಿಡಿಯಬೇಕು, ಅವನಿಗೆ ಗೊತ್ತಿರುವುದು ಅದೊಂದೇ. ಕಾಫಿ ಕೈಯಿಂದ ಯಾವಾಗ ಬಿತ್ತೋ ನಿಮಗೆ ತಿಳಿಯದು.

ಲಾಯದಲ್ಲಿ ಬೆವರು, ಲದ್ದಿ, ಕುದುರೆಮಸಾಲೆ ಸೊಪ್ಪಿನ ಸಿಹಿ ವಾಸನೆ. ಎಲ್ಲದರ ಮೇಲೆ ಮೂಗಿಗಡರುವ ಲಿನಿಮೆಂಟಿನ ಘಾಟು. ರಾಜನ ಆರೈಕೆಯ ಸೈಸ್ ನಿಮ್ಮ ಮುಖ ನೋಡುವುದಿಲ್ಲ. “ಮುಟ್ಟಿ ನೋಡಿ ಸಾರ್” ಅನ್ನುತ್ತಾನೆ, ಅಷ್ಟೆ. ಕುಕ್ಕರುಗಾಲಿನಲ್ಲಿ ಕೂತು ಮೊದಲು ಬಲಗಾಲು ಹಿಡಿಯಿರಿ. ತಣ್ಣಗಿದೆ. ಈಗ ಎಡಗಾಲು, ಮಂಡಿಯ ಕೆಳಗೆ, ಹಿಂಬದಿ. ಸುಡುತ್ತಿದೆ. ಸೀದಾ ಇಳಿಯಬೇಕಾದ ಗೆರೆ ಹೊರಕ್ಕೆ ಬಾಗಿ ಉಬ್ಬಿದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ರಾಜ ಕಾಲು ಕಿತ್ತುಕೊಳ್ಳುತ್ತಾನೆ. ಒದೆಯುವುದಿಲ್ಲ. ಆಮೇಲೆ ನಿಮ್ಮ ಹೆಗಲಿಗೆ ಮೂತಿ ತಂದು ಬಿಸಿಯುಸಿರು ಬಿಡುತ್ತಾನೆ. ಒದ್ದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಮಂಡಿಯ ಕೆಳಗೆ ಕುದುರೆಗೆ ಮಾಂಸಖಂಡವಿಲ್ಲ. ಮೂಳೆ, ಸ್ನಾಯುರಜ್ಜು, ಚರ್ಮ. ನಾಗಾಲೋಟದಲ್ಲಿ ಒಂದೇ ಮುಂಗಾಲಿನ ಮೇಲೆ ಮೈತೂಕದ ಎರಡೂವರೆ ಪಟ್ಟು ಬೀಳುವುದುಂಟು. 500 ಕಿಲೋದ ಕುದುರೆಗೆ ಅದು ಒಂದು ಟನ್ನಿಗೂ ಮೇಲಾಯಿತು. ಹಿಗ್ಗಿ ಕುಗ್ಗಿ ಆ ರಜ್ಜುವಿನ ಒಳತಿರುಳು 45 ಡಿಗ್ರಿಯಷ್ಟು ಕಾಯುತ್ತದೆ. ಎಳೆಗಳು ಒಂದೊಂದಾಗಿ ಸವೆದು, ಒಂದು ಬೆಳಗ್ಗೆ ಒಟ್ಟಿಗೇ ಹರಿಯುತ್ತವೆ.

ಡಾಕ್ಟರು ಸ್ಕ್ಯಾನ್ ಹಚ್ಚಿ ತೋರಿಸುತ್ತಾರೆ. ಬೂದು ಪರದೆಯ ನಡುವೆ ಕರಿ ತೂತು. “ವಾಸಿ ಆಗುತ್ತೆ. ಒಂಬತ್ತು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಆದರೆ ಕೂಡಿಕೊಂಡ ಜಾಗ ಮೊದಲಿನ ಹಾಗೆ ಹಿಗ್ಗಲ್ಲ. ಮತ್ತೆ ಓಡಿಸಿದರೆ ಮತ್ತೆ ಹರಿಯುತ್ತೆ ಅಂತಲೇ ಇಟ್ಟುಕೊಳ್ಳಿ.” ಟ್ರೈನರ್ ತಲೆಯಾಡಿಸುತ್ತಾರೆ. ಒಳ್ಳೆಯ ಮನುಷ್ಯ, ರಾಜ ಮೊದಲ ಸಲ ಗೆದ್ದಾಗ ಕಣ್ಣೊರೆಸಿಕೊಂಡವರು. “ಸಂಜೆಯೊಳಗೆ ಏನು ಅಂತ ಹೇಳಿಬಿಡಿ. ಹೊಸ ಮರಿ ಬರ್ತಾ ಇದೆ, ಬಾಕ್ಸ್ ಬೇಕು.”

ಸಂಜೆಯೊಳಗೆ. ಕುದುರೆಯ ಆಯುಸ್ಸು 25ರಿಂದ 30 ವರ್ಷ. ಇವನಿಗೆ ಆರು. ಉಳಿದ ಇಪ್ಪತ್ತು ವರ್ಷ ದಿನಕ್ಕೆ ಹತ್ತು ಕಿಲೋ ಮೇವು, ಮೂವತ್ತು ನಲವತ್ತು ಲೀಟರ್ ನೀರು, ಆರು ವಾರಕ್ಕೊಮ್ಮೆ ಗೊರಸು ಕೆತ್ತುವವನು, ವರ್ಷಕ್ಕೊಮ್ಮೆ ಹಲ್ಲಿಗೆ ಅರ. ಹೆಣ್ಣಾಗಿದ್ದರೆ ಮರಿ ಹಾಕಲೆಂದು ಯಾವುದಾದರೂ ಫಾರ್ಮು ಕೇಳುತ್ತಿತ್ತು. ಇವನು ಬೀಜ ಒಡೆಸಿಕೊಂಡ ಗೆಲ್ಡಿಂಗ್. ಓಟವೊಂದೇ ಇವನ ಬೆಲೆಯಾಗಿತ್ತು, ಅದು ಇವತ್ತು ಬೆಳಗ್ಗೆ ಹೋಯಿತು.

ಫೋನು ಗುಂಯ್‌ಗುಡುತ್ತದೆ. ಒಬ್ಬ ಗೆಳೆಯ ಅಳುವ ಮುಖದ ಚಿತ್ರ ಕಳಿಸಿದ್ದಾನೆ. ಇನ್ನೊಬ್ಬ ಇನ್ಶೂರೆನ್ಸ್ ಕೇಳಿದ್ದಾನೆ. ಮೂರನೆಯವನು ಒಂದು ನಂಬರು ಕಳಿಸಿ, “ಇವರು ಕ್ಯಾಶ್ ಕೊಡ್ತಾರೆ, ಗಾಡಿನೂ ತರ್ತಾರೆ” ಎಂದು ಬರೆದಿದ್ದಾನೆ.

ಮಧ್ಯಾಹ್ನಕ್ಕೆ ಆ ಮನುಷ್ಯ ಬಂದೇ ಬಿಡುತ್ತಾನೆ. ನಯವಾದ ಮಾತು. ತುಟಿ ಎತ್ತಿ ಹಲ್ಲು ನೋಡುತ್ತಾನೆ, ಪಕ್ಕೆ ತಟ್ಟುತ್ತಾನೆ, ಊದಿದ ಕಾಲಿನ ಮೇಲೆ ಕಣ್ಣಾಡಿಸಿ ಸುಮ್ಮನಾಗುತ್ತಾನೆ. “ಒಳ್ಳೆ ಮನೆಗೆ ಹೋಗುತ್ತೆ ಸಾರ್.” ಈ ಮಾತನ್ನು ನಂಬಬೇಕೆಂದು ನಿಮಗೆ ಎಷ್ಟು ಆಸೆಯೆಂದರೆ ಹೊಟ್ಟೆಯೊಳಗೆ ಏನೋ ಹಗುರಾದಂತಾಗುತ್ತದೆ. ಯಾರ ಮನೆ? “ಮದುವೆಯವರು ಬಿಳಿದು ಕೇಳ್ತಾರೆ, ಇದು ಕಂದು. ನೋಡೋಣ, ಯಾರಾದ್ರೂ ಇರ್ತಾರೆ.” ನೋಟಿನ ಕಟ್ಟು ಅಂಗೈಗೆ ಬಂದು ಕೂರುತ್ತದೆ. ಬೆವರಿಗೆ ಮೆತ್ತಗಾಗಿದೆ.

ಅದನ್ನು ಜೇಬಿಗಿಡುವ ಮೊದಲು ಫರ್ಡಿನೆಂಡ್‌ನನ್ನು ನೆನೆದುಕೊಳ್ಳಿ. 1986ರಲ್ಲಿ ಕೆಂಟಕಿ ಡರ್ಬಿ ಗೆದ್ದ ಕುದುರೆ, ಬೆನ್ನ ಮೇಲೆ 54 ವರ್ಷದ ಬಿಲ್ ಶೂಮೇಕರ್. ಮರುವರ್ಷ ಅಮೆರಿಕದ ವರ್ಷದ ಕುದುರೆ ಎಂಬ ಪಟ್ಟ. 1994ರಲ್ಲಿ ತಳಿಗೆಂದು ಜಪಾನಿಗೆ ಮಾರಾಟವಾಯಿತು. ಬರಬರುತ್ತ ಕೇಳುವವರು ಕಡಿಮೆಯಾದರು, ಕುದುರೆ ಡೀಲರನ ಕೈ ಸೇರಿತು, 2002ರಲ್ಲಿ ಕಸಾಯಿಖಾನೆ. ತವರಿನವರಿಗೆ ಇದು ತಿಳಿದದ್ದು 2003ರಲ್ಲಿ, ಪತ್ರಕರ್ತೆಯೊಬ್ಬರು ಅದೆಲ್ಲಿದೆ ಎಂದು ಹುಡುಕಿಕೊಂಡು ಹೋದ ಮೇಲೆ. ಡರ್ಬಿ ಗೆದ್ದವನ ಗತಿಯೇ ಹೀಗಾದರೆ ನಿಮ್ಮ ರಾಜ ಎರಡು ಸಣ್ಣ ರೇಸು ಗೆದ್ದವನು.

ಇಲ್ಲಿನ ದಾರಿಗಳು ಬೇರೆ, ಹೆಚ್ಚು ಗೋಜಲು. ಹಾವಿನ ವಿಷಕ್ಕೆ ಮದ್ದು ತಯಾರಿಸುವ ಜಾಗಕ್ಕೆ ಹೋಗಬಹುದು. ಅಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷವನ್ನು ಚೂರುಚೂರೇ ಹೆಚ್ಚಿಸುತ್ತ ಕುದುರೆಯ ಮೈಗೆ ಚುಚ್ಚುತ್ತಾರೆ, ಮೈ ಅದನ್ನು ಎದುರಿಸಲು ಕಲಿತ ಮೇಲೆ ಕತ್ತಿನ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂಬ ಅಂದಾಜಿದೆ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಹಾಗಾಗಿ ಆ ರಕ್ತವನ್ನು ಬೇಡವೆನ್ನುವ ಎದೆಗಾರಿಕೆ ನನಗಂತೂ ಇಲ್ಲ. ಆದರೆ ಅಂಥ ಕೆಲವು ಲಾಯಗಳನ್ನು ಪರಿಶೀಲಿಸಿದವರು ರಕ್ತಹೀನವಾದ, ಗೊರಸು ಕೆಟ್ಟ ಕುದುರೆಗಳನ್ನು ಕಂಡು ಬಂದದ್ದೂ ನಿಜ. ಜೀವ ಉಳಿಸುವ ಪ್ರಾಣಿಗೆ ಒಣ ನೆಲ, ಹೊಟ್ಟೆ ತುಂಬ ಮೇವು ಕೊಡಲಾಗದ ಕಡೆ ರಾಜನನ್ನು ಬಿಡುತ್ತೀರಾ?

ಮೈಸೂರಿನ ಅಶ್ವಾರೋಹಿ ಪೊಲೀಸರನ್ನು ಕೇಳಿ ನೋಡಬಹುದು. ದಸರಾ ತಾಲೀಮಿನಲ್ಲಿ ಫಿರಂಗಿ ಸಿಡಿದಾಗ ಕಿವಿ ಮಾತ್ರ ಅಲ್ಲಾಡಿಸಿ ನಿಲ್ಲುವ ಕುದುರೆಗಳವು. ಕಾಲು ಕೂಡುವ ಮುಂಚೆ ಅವರಿಗೂ ಇವನು ಬೇಡ.

ಡಾಕ್ಟರು ಬ್ಯಾಗು ಮುಚ್ಚುತ್ತ, ನೀವು ಕೇಳದಿದ್ದರೂ ಇನ್ನೊಂದು ದಾರಿ ಹೇಳುತ್ತಾರೆ. ಇಂಜೆಕ್ಷನ್. ಇವನದೇ ಲಾಯದಲ್ಲಿ, ಸೈಸ್ ತಲೆ ಹಿಡಿದುಕೊಂಡಿರುವಾಗ, ಕೆಲವೇ ಕ್ಷಣ. ನಿಮಗೆ ಮೈ ನಡುಗುತ್ತದೆ. ಆದರೂ ಒಂದು ಮಾತು ಹೇಳುತ್ತೇನೆ: ವಾಸಿಯಾಗದ ನೋವಿದ್ದರೆ ಅದೇ ಮರ್ಯಾದೆಯ ದಾರಿ, “ಒಳ್ಳೆ ಮನೆ”ಗಿಂತ ನೂರು ಪಾಲು ಮೇಲು. ರಾಜನ ನೋವು ವಾಸಿಯಾಗುವಂಥದ್ದು. ಈ ಸೂಜಿ ಅವನಿಗಲ್ಲ.

ನೋಟಿನ ಕಟ್ಟು ಹಿಂದಕ್ಕೆ ಕೊಡಿ. ಕೊಟ್ಟಿರಾ? ಈಗ ಎದೆ ಡವಗುಟ್ಟುವುದು ದೊಡ್ಡ ಮನಸ್ಸಿನಿಂದಲ್ಲ, ಲೆಕ್ಕದಿಂದ. ಇಬ್ಬರು ಗೆಳೆಯರು ತಮ್ಮ ಪಾಲನ್ನು ನಿಮಗೇ ಬಿಟ್ಟುಕೊಡಲು ತಯಾರು. ಎಂದರೆ ಖರ್ಚನ್ನೂ.

ಕನಕಪುರದಾಚೆ ಜಮೀನಿರುವ ಪರಿಚಿತರು ಒಪ್ಪಿದ್ದಾರೆ. ವ್ಯಾನಿನಲ್ಲಿ ಸೈಸ್ ಉದ್ದಕ್ಕೂ ರಾಜನ ಕತ್ತು ನೇವರಿಸುತ್ತ ಬರುತ್ತಾನೆ. ಬಾಗಿಲು ತೆರೆದಾಗ ರಾಜನ ಮೂಗಿನ ಹೊಳ್ಳೆ ಅಗಲವಾಗುತ್ತದೆ. ವ್ಯಾನು ಇಳಿದರೆ ರೇಸು ಅಂತಲೇ ಅವನ ಮೈಗೆ ಗೊತ್ತು. ಬೆವರು ಕಿತ್ತು ಬರುತ್ತದೆ. ಮಂದಿ ಎಲ್ಲಿ? ಗದ್ದಲ ಎಲ್ಲಿ? ಇಲ್ಲಿರುವುದು ಮಾವಿನ ಮರ, ಹುರುಳಿ ಹೊಲ, ಎರಡು ಮುದಿ ಎಮ್ಮೆ.

ಓಟ ಬಿಡಿಸುವುದು ಒಂದೇ ದಿನದ ಕೆಲಸವೆಂದು ನೀವು ಎಣಿಸಿದ್ದರೆ ಈ ವಾರಗಳು ಕಲಿಸುತ್ತವೆ. ದಿನದ ಇಪ್ಪತ್ತಕ್ಕೂ ಹೆಚ್ಚು ತಾಸು ಗೂಡಿನಂಥ ಬಾಕ್ಸಿನಲ್ಲಿ ನಿಂತು ಬೆಳೆದವನು ಅವನು. ಬಾಗಿಲ ಬಳಿ ನಿಂತು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗುತ್ತಾನೆ, ನೋಡುತ್ತ ನಿಮಗೇ ತಲೆ ಸುತ್ತುತ್ತದೆ. ತರಬೇತಿಯಲ್ಲಿರುವ ಓಟದ ಕುದುರೆಗಳಲ್ಲಿ ಬಹುಪಾಲಿಗೆ ಹೊಟ್ಟೆಹುಣ್ಣು ಇರುತ್ತದೆ, ಇವನಿಗೂ ಇದೆ. ಓಟ್ಸ್ ಒಮ್ಮೆಗೇ ನಿಲ್ಲಿಸಿ ಹುಲ್ಲಿಗೆ ಹಾಕುವ ಹಾಗಿಲ್ಲ, ದಿನಕ್ಕೊಂದು ಹಿಡಿ ಕಡಿಮೆ ಮಾಡಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಕೆಟ್ಟದ್ದು ಹೊಟ್ಟೆಗೆ ಹೋದರೆ ಶೂಲೆಯೇ.

ಆ ಶೂಲೆ ಒಂದು ರಾತ್ರಿ ಬಂದೇ ಬರುತ್ತದೆ. ಟಾರ್ಚಿನ ಬೆಳಕಿನಲ್ಲಿ ರಾಜ ತನ್ನ ಹೊಟ್ಟೆಯನ್ನು ತಾನೇ ತಿರುಗಿ ತಿರುಗಿ ನೋಡುತ್ತಿದ್ದಾನೆ. ನೆಲ ಕೆರೆಯುತ್ತಾನೆ. ಮೊಣಕಾಲು ಬಗ್ಗಿಸುತ್ತಾನೆ. ಪಕ್ಕೆಗೆ ಕಿವಿ ಹಚ್ಚಿ. ಕರುಳಿನ ಗುಡುಗುಡು ಕೇಳಬೇಕು. ಏನೂ ಇಲ್ಲ. ಡಾಕ್ಟರಿಗೆ ಫೋನು, ಬರಲು ಒಂದೂವರೆ ತಾಸು. ನಡೆಸಿ. ಹೊರಳಲು ಬಿಡಬೇಡಿ, ನಡೆಸಿ. ಸುತ್ತು, ಮತ್ತೊಂದು ಸುತ್ತು, ನಿಮ್ಮ ಚಪ್ಪಲಿ ಎಲ್ಲೋ ಕಳೆದುಹೋಗಿದೆ, ಮುಳ್ಳು ಚುಚ್ಚಿದ್ದು ಆಮೇಲೆ ತಿಳಿಯುತ್ತದೆ. ಡಾಕ್ಟರು ಮೂಗಿನಿಂದ ನಳಿಗೆ ಇಳಿಸಿ, ಸೂಜಿ ಚುಚ್ಚಿ, ಕಾಯುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ರಾಜ ಬಾಲ ಎತ್ತಿ ಲದ್ದಿ ಹಾಕುತ್ತಾನೆ. ಲದ್ದಿ ಕಂಡು ಇಷ್ಟು ಸಂತೋಷಪಟ್ಟ ಮನುಷ್ಯ ಆ ಹೋಬಳಿಯಲ್ಲಿ ಇನ್ನೊಬ್ಬನಿರಲಾರ.

ಕಾಲು ತಣ್ಣಗಾಗಲು ತಿಂಗಳುಗಳೇ ಬೇಕು. ಲಾಳ ಕಿತ್ತಾಯಿತು, ಬರಿಗೊರಸು ಮಣ್ಣಿಗೆ ಒಗ್ಗಿತು. ಒಂದು ಮಧ್ಯಾಹ್ನ ಅವನು ಬಯಲಿನಲ್ಲಿ ಪೂರ್ತಿ ಮಲಗಿ ಗೊರಕೆ ಹೊಡೆಯುತ್ತಾನೆ. ಸತ್ತನೆಂದೇ ನೀವು ಓಡುತ್ತೀರಿ. ಕುದುರೆ ನಿಂತೇ ತೂಕಡಿಸಬಲ್ಲದು, ಗಾಢ ನಿದ್ದೆಗೆ ಮಲಗಲೇಬೇಕು, ಮಲಗಲು ಭಯ ಬಿಡಬೇಕು.

ಇನ್ನು ಸವಾರಿ. ತಡಿ ಬಿಗಿದು, ರಿಕಾಪಿಗೆ ಕಾಲಿಟ್ಟು ಹತ್ತಲು ಹೋದರೆ ರಾಜ ಮುಂದಕ್ಕೆ ಹೊರಟೇಬಿಟ್ಟ. ಅದು ಹಟವಲ್ಲ. ರೇಸಿನಲ್ಲಿ ಜಾಕಿಯನ್ನು ಯಾರೋ ಮೊಣಕಾಲು ಹಿಡಿದು ಮೇಲಕ್ಕೆ ಎತ್ತಿಹಾಕುತ್ತಾರೆ, ಕುದುರೆ ಬಹುತೇಕ ನಡೆಯುತ್ತಲೇ ಇರುತ್ತದೆ. ಮನುಷ್ಯ ಹತ್ತುವಾಗ ಸುಮ್ಮನೆ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಹೆದರಿ ಲಗಾಮು ಎಳೆದಿರೋ, ಇನ್ನೂ ಜೋರು. ಬಿಗಿ ಲಗಾಮಿಗೆ ಒರಗಿ ಓಡುವುದನ್ನೇ ಅವನು ಕಲಿತದ್ದು. ಕೈ ಸಡಿಲಿಸಿ, ಅದೇ ಕಷ್ಟ. ಬೆನ್ನುಹುರಿಯುದ್ದ ತಣ್ಣನೆಯ ಬೆವರಿಳಿಯುವಾಗ ಬೆರಳು ಬಿಚ್ಚುವುದು. ಬಿಚ್ಚಿ. ಉಸಿರು ಬಿಡಿ. ಅವನೂ ಬಿಡುತ್ತಾನೆ. ನಡಿಗೆಗೆ ಇಳಿಯುತ್ತಾನೆ. ಬ್ರಿಟನ್ನಿನಲ್ಲಿ ಇದನ್ನೇ ಕಲಿಸಲೆಂದು ರೇಸಿಂಗ್‌ನವರೇ 2000ದಲ್ಲಿ ‘ರೀಟ್ರೇನಿಂಗ್ ಆಫ್ ರೇಸ್‌ಹಾರ್ಸಸ್’ ಎಂಬ ಸಂಸ್ಥೆ ಕಟ್ಟಿದರು. ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ಮೈಕೇಲ್ ಬ್ಲೋವೆನ್ ಎಂಬ ಮಾಜಿ ಸಿನಿಮಾ ವಿಮರ್ಶಕ ಓಟ ಬಿಟ್ಟ ಕುದುರೆಗಳಿಗೆ ‘ಓಲ್ಡ್ ಫ್ರೆಂಡ್ಸ್’ ಎಂಬ ಆಸರೆ ತೆರೆದದ್ದು ಫರ್ಡಿನೆಂಡ್‌ನ ಸುದ್ದಿ ಬಂದ ವರ್ಷವೇ. 1997ರ ಡರ್ಬಿ ಗೆದ್ದ ಸಿಲ್ವರ್ ಚಾರ್ಮ್ 2014ರಲ್ಲಿ ಜಪಾನಿನಿಂದ ಅಲ್ಲಿಗೆ ವಾಪಸು ಬಂತು.

ರಾಜನ ಅಜ್ಜ, ಮುತ್ತಜ್ಜ, ಅವರಪ್ಪ ಯಾರೆಂದು ತಿಳಿಯಬೇಕೇ? ಪುಣೆಯಲ್ಲಿ ಸ್ಟಡ್ ಬುಕ್ ಇದೆ. ಬೇರು ಹಿಡಿದು ಹೋದರೆ 300 ವರ್ಷ ಹಿಂದಿನ ಮೂರು ಗಂಡು ಕುದುರೆಗಳವರೆಗೆ ಹೋಗಬಹುದು. ಅವನ ಜೊತೆ ಓಡಿ, ಹೋದ ವರ್ಷ ಓಟ ಬಿಟ್ಟವರು ಈಗ ಯಾವ ಊರಿನ ಯಾವ ಗೂಟದಲ್ಲಿದ್ದಾರೆಂದು ಕೇಳಿ ನೋಡಿ. ತೆರೆದು ತೋರಿಸಲು ಅಂಥ ಪುಸ್ತಕ ಸಿಗುವುದಿಲ್ಲ. ನನಗೆ ಸಿಟ್ಟು ಬರುವುದು ಡೀಲರನ ಮೇಲಲ್ಲ, ಇದರ ಮೇಲೆ. ಕುದುರೆ ಓಟ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಬಾಜಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 28ರಿಂದ 40ಕ್ಕೆ ಏರಿದೆ. ಕ್ಲಬ್ಬಿಗೆ, ಸರ್ಕಾರಕ್ಕೆ, ಬುಕ್ಕಿಗೆ, ಜಾಕಿಗೆ, ನಿಮಗೆ, ಎಲ್ಲರಿಗೂ ಪಾಲು ಬರೆದಿಟ್ಟ ಆಟದಲ್ಲಿ ಓಡಿದವನ ಮುದಿತನಕ್ಕೆ ಪೈಸೆ ಎತ್ತಿಡುವುದು ಮಾತ್ರ ಮಾಲೀಕನ ಮರ್ಜಿ.

ಮತ್ತೆ ಫೋನು ಗುಂಯ್‌ಗುಡುತ್ತದೆ. ಅದೇ ಮೂರನೆಯ ಗೆಳೆಯ. ಎರಡು ವರ್ಷದ ಮರಿ, ಒಳ್ಳೆ ವಂಶ, ಕಾಲು ಪಾಲು ಖಾಲಿಯಿದೆ, ಬರ್ತೀಯಾ? ಆಸೆ ಇದ್ದರೆ ಹೋಗಿ, ಬೇಡವೆನ್ನುವುದಿಲ್ಲ. ಆದರೆ ಸಹಿ ಹಾಕುವ ಮೊದಲು ಎಲ್ಲರೂ ಕೂತಿರುವಾಗಲೇ ಕೇಳಿ: ಇದು ಓಟ ಬಿಟ್ಟ ದಿನದಿಂದ ಸಾಯುವ ದಿನದವರೆಗಿನ ಖರ್ಚು ಯಾವ ಖಾತೆಯಲ್ಲಿದೆ, ಪಾಸ್‌ಬುಕ್ ತೋರಿಸಿ. ತೋರಿಸದಿದ್ದರೆ ಎದ್ದು ಬನ್ನಿ.