ವಿಜಯಪುರದಲ್ಲಿ ಎರಡು ದಿನ, ಅವಸರವಿಲ್ಲದೆ

ಶನಿವಾರ ಬೆಳಿಗ್ಗೆ ಒಂದು ಹಳೆಯ ಊರಿನಲ್ಲಿ ಇಳಿಯಬೇಕು, ಭಾನುವಾರ ಸಂಜೆ ರೈಲು ಹತ್ತಬೇಕು. ನಡುವಿನ ಹೊತ್ತಿಗೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ ನಾನು, ನಮ್ಮ ಮನೆಯವರು ಕಂಡುಕೊಂಡ ಸುಖ ಇದು. ಹೊತ್ತಿಗೊಂದು ಜಾಗ, ಅದರ ಬೆನ್ನಿಗೊಂದು ಊಟ. ಇವರು ಸೇತುವೆ, ಕಟ್ಟಡಗಳ ಕೆಲಸದಲ್ಲೇ ತಲೆ ನರೆಸಿಕೊಂಡವರು. ಎಲ್ಲಿಗೆ ಹೋದರೂ ಮೊದಲು ಕಮಾನು ನೋಡುತ್ತಾರೆ. ನನ್ನ ಕಣ್ಣು ಕೆತ್ತನೆಯ ಮೇಲೆ, ಆಮೇಲೆ ಒಲೆಯ ಮೇಲೆ. ಇಬ್ಬರ ಆಸೆಯೂ ಒಟ್ಟಿಗೆ ತೀರುವ ಊರುಗಳಲ್ಲಿ ನಾನು ವಿಜಯಪುರಕ್ಕೆ ಮೊದಲ ಮಣೆ ಹಾಕುತ್ತೇನೆ.

ಊರು ಬರುವ ಮುನ್ನವೇ ಗುಮ್ಮಟ ಬರುತ್ತದೆ. ರೈಲಿನ ಕಿಟಕಿಯಲ್ಲಿ ಬಯಲು, ಬಯಲು, ಮತ್ತೆ ಬಯಲು. ಅದರ ಅಂಚಿನಲ್ಲಿ ಗೋಳಗುಮ್ಮಟ. ನಿಲ್ದಾಣಕ್ಕೂ ಅದಕ್ಕೂ ದೂರ ಹೆಚ್ಚಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಯಾಕೆಂದರೆ ಅಲ್ಲಿನ ಪಿಸುಗುಟ್ಟುವ ಗ್ಯಾಲರಿ ನಿಶ್ಶಬ್ದದಲ್ಲಷ್ಟೇ ತನ್ನ ನಿಜ ತೋರುತ್ತದೆ. ಹತ್ತು ಗಂಟೆಯ ಮೇಲೆ ಬಂದವರಿಗೆ ಸಿಗುವುದು ಕೂಗು, ಸಿಳ್ಳೆ, ಅವುಗಳ ಮಾರ್ದನಿ.

ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ನಾವು ನಿಂತು ನಿಂತು ಹತ್ತುತ್ತೇವೆ. ಮೇಲೆ ಹೋದ ಮೇಲೆ ಇವರು ಗ್ಯಾಲರಿಯ ಆ ಬದಿಗೆ, ನಾನು ಈ ಬದಿಗೆ. ನಡುವೆ ಸುಮಾರು 38 ಮೀಟರಿನಷ್ಟು ಬರಿಯ ಗಾಳಿ. ಇವರು ಗೋಡೆಗೆ ಮುಖ ಮಾಡಿ ಮೆಲ್ಲಗೆ ಕೇಳಿದರು: "ತಿಂಡಿಗೆ ಏನು ತಿನ್ನೋಣ?" ಪಕ್ಕದಲ್ಲೇ ಕೂತು ಕೇಳಿದ ಹಾಗಿತ್ತು ಆ ಮಾತು. ಇಷ್ಟು ವರ್ಷ ಜೊತೆಗಿದ್ದವರ ದನಿಯನ್ನು ಹೊಸದಾಗಿ ಕೇಳಿಸುವ ಕಟ್ಟಡ ಬೇರೊಂದು ನನಗೆ ಗೊತ್ತಿಲ್ಲ.

ಕೆಳಗಿಳಿದ ಮೇಲೆ ಇವರ ಪಾಠ. ಇದು ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ತೀರಿಕೊಂಡದ್ದು 1656ರಲ್ಲಿ. ಹೊರಗಿನಿಂದ ಅಳೆದರೆ ಗುಮ್ಮಟದ ಅಡ್ಡಗಲ ಸುಮಾರು 44 ಮೀಟರು, ಒಳಗೆ ಒಂದು ಕಂಬವೂ ಇಲ್ಲ. ಚೌಕದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಕೂರಿಸಲು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿ ಎಂಟು ಮೂಲೆಯ ನಕ್ಷತ್ರ ಮಾಡಿದ್ದಾರೆ. ಹೊರಕ್ಕೆ ನೂಕುವ ಗುಮ್ಮಟದ ಭಾರವನ್ನು ಒಳಕ್ಕೆ ಬಾಗಿದ ಆ ಕಮಾನುಗಳ ಭಾರ ಹಿಡಿದು ನಿಲ್ಲಿಸುತ್ತದೆ. ಕೈಬೆರಳುಗಳನ್ನು ಹೆಣೆದು ಇವರು ಅದನ್ನು ತೋರಿಸುವಾಗ ಮುಖದಲ್ಲಿ ಬರುವ ಕಳೆ ನೋಡಲೆಂದೇ ನಾನು ಗೊತ್ತಿದ್ದದ್ದನ್ನೂ ಮತ್ತೆ ಕೇಳುತ್ತೇನೆ.

ತಿಂಡಿಗೆ ಸುಸಲಾ. ನೆನೆಸಿ ಹಿಂಡಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು; ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ಎದ್ದ ಮಿರ್ಚಿ ಭಜ್ಜಿ. ಮೇಲೆ ಹಿಂಡುವ ನಿಂಬೆಯ ವಿಷಯದಲ್ಲಿ ಈ ಜಿಲ್ಲೆ ಶ್ರೀಮಂತ. ಇಲ್ಲಿನ ಇಂಡಿ ಊರಿನ ನಿಂಬೆಹಣ್ಣಿಗೆ ನಾಡಿನಲ್ಲೆಲ್ಲ ಹೆಸರಿದೆ.

ಹೊಟ್ಟೆ ತಣಿದ ಮೇಲೆ ಊರಿನ ಪಶ್ಚಿಮಕ್ಕೆ, ಇಬ್ರಾಹಿಂ ರೋಜಾಕ್ಕೆ. ಗೋಳಗುಮ್ಮಟ ಗಾತ್ರದಿಂದ ಗೆದ್ದರೆ ಇದು ನಯದಿಂದ ಗೆಲ್ಲುತ್ತದೆ. ಒಂದೇ ಜಗತಿಯ ಮೇಲೆ ಸಮಾಧಿ, ಮಸೀದಿ ಎದುರುಬದುರು. ನಡುವೆ ಕಾರಂಜಿಯ ಕೊಳ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸತೊಡಗಿದ್ದು; 1627ರಲ್ಲಿ ತಾನೇ ಮೊದಲು ತೀರಿಕೊಂಡು ಇಲ್ಲಿ ಮಲಗಿದ. ಕಟ್ಟಡದ ಕೆಲಸ ನಡೆಸಿದ ಮಲಿಕ್ ಸಂದಲನ ಹೆಸರು ಶಾಸನದಲ್ಲಿ ಉಳಿದಿದೆ. ಕಿಟಕಿಗಳನ್ನು ನೋಡಬೇಕು. ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರಗಳನ್ನು ಉಳಿಸಿಕೊಂಡು ಅವುಗಳ ನಡುವಿನ ಕಲ್ಲನ್ನಷ್ಟೇ ಕೊರೆದು ತೆಗೆದಿದ್ದಾರೆ. ಬೆಳಕು ಒಳಗೆ ಬರುವುದು ಬರಹದ ಸಂದುಗಳಿಂದಲೇ. ನಾನು ಒಂದು ಕಿಟಕಿಯ ಮುಂದೆ ಕೂತುಬಿಟ್ಟರೆ ಇವರು ಕರೆಯುವುದಿಲ್ಲ. ಒಳಗಿನ ಚಪ್ಪಟೆ ಕಲ್ಲಿನ ಮಾಳಿಗೆ ಯಾವ ಆಧಾರದಲ್ಲಿ ನಿಂತಿದೆ ಎಂದು ಅವರೂ ತಲೆಯೆತ್ತಿ ನಿಂತಿರುತ್ತಾರೆ.

ಈ ದೊರೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಸಂಗೀತಕ್ಕಾಗಿ ಬದುಕಿದವನು, ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಬರೆದು ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. ಅವನ ಸಮಾಧಿಯ ನೆರಳಲ್ಲಿ ಗಿಳಿಗಳ ಕಿರುಚಾಟ ಕೇಳುತ್ತ ಕೂತ ಹೊತ್ತು ನಮ್ಮ ಪಾಲಿಗೆ ವಾರದ ಅತ್ಯುತ್ತಮ ಹೊತ್ತು.

ಮಧ್ಯಾಹ್ನದ ಊಟ ಖಾನಾವಳಿಯಲ್ಲೇ ಆಗಬೇಕು. ಅಡುಗೆಮನೆಯಿಂದ ಪಟ್‌ಪಟ್ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ಆ ಖಾನಾವಳಿಯನ್ನು ನಂಬಬಹುದು. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿವ ನೀರು ಹಾಕಿ ನಾದಿದರೇ ಜಿಗಿ ಬರುವುದು. ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ. ಅಂಗೈಯಗಲದ ಮುದ್ದೆಯನ್ನು ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೆಂಡಕ್ಕೆ ಒಡ್ಡಿದರೆ ರೊಟ್ಟಿ ಉಬ್ಬುತ್ತದೆ. ಜೊತೆಗೆ ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಮೊಳಕೆಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಬದಿಯಲ್ಲಿ ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ನಾನು ಕೈ ತೊಳೆಯಲು ಎದ್ದರೆ ಬಡಿಸುವಾಕೆ ತಡೆದರು: "ಯಾಕ ಎದ್ರಿ ಅಕ್ಕಾರ? ಬಿಸಿ ರೊಟ್ಟಿ ಬರಾಕತ್ತೈತಿ. ಮಾತಾಡಕೋತ ಉಣ್ರಿ." ಮತ್ತೆ ಕೂತೆ.

ಈ ರೊಟ್ಟಿಯ ರುಚಿ ಹೊರಗಿನ ಬಯಲಿನದು. ಮಳೆಗಾಲ ಮುಗಿಯುವ ಹೊತ್ತಿಗೆ ಎರೆಭೂಮಿಯಲ್ಲಿ ಬಿತ್ತಿದ ಬಿಳಿಜೋಳ ಆಮೇಲೆ ಹೆಚ್ಚು ಮಳೆ ಕೇಳುವುದಿಲ್ಲ. ಕಪ್ಪು ಮಣ್ಣು ಹಿಡಿದಿಟ್ಟ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ತೆನೆಗಟ್ಟುತ್ತದೆ. ಡೋಣಿ ಹೊಳೆ ಹರಿದರೆ ಓಣಿಯೆಲ್ಲ ಕಾಳು ಎಂದು ಇಲ್ಲಿಯವರು ಹೇಳುವುದು ಈ ಮಣ್ಣಿನ ಮೇಲಿನ ಭರವಸೆಯಿಂದ. ಅರಮನೆಗಳು ಪಾಳುಬಿದ್ದವು, ಸುಲ್ತಾನರು ಹೋದರು. ಹಂಚಿನ ಮೇಲಿನ ಜೋಳ ಮಾತ್ರ ಊರಿನ ಕೈ ಬಿಟ್ಟಿಲ್ಲ. ಊಟದ ಕೊನೆಗೆ ತುಪ್ಪ ಹಾಕಿದ ಶೇಂಗಾ ಹೋಳಿಗೆ. ಅದಾದ ಮೇಲೆ ಒಂದು ನಿದ್ದೆ.

ಸಂಜೆಗೆ ಉಪ್ಪಲಿ ಬುರುಜು. 1584ರ ಈ ಕಾವಲು ಗೋಪುರ ಸುಮಾರು 24 ಮೀಟರ್ ಎತ್ತರ. ಮೆಟ್ಟಿಲು ಹೊರಮೈಯನ್ನೇ ಸುತ್ತಿಕೊಂಡು ಏರುತ್ತದೆ. ಮೇಲೆ ಉದ್ದನೆಯ ತೋಪುಗಳು, ಸುತ್ತ ಇಡೀ ಊರು. ಹತ್ತಿರದಲ್ಲೇ ಸಿಂಹದ ಬಾಯಿಯ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. ಸುಲ್ತಾನರ ಪಡೆಗಳು 1565ರಲ್ಲಿ ವಿಜಯನಗರವನ್ನು ಮಣಿಸಿದ್ದು ಕನ್ನಡಿಗರಾದ ನಮಗೆ ಇಲ್ಲಿ ನೆನಪಾಗದೆ ಇರದು. ಗೆದ್ದ ಈ ಊರೂ 1686ರಲ್ಲಿ ಔರಂಗಜೇಬನ ಮುಂದೆ ಬಾಗಿಲು ತೆರೆಯಬೇಕಾಯಿತು.

ಭಾನುವಾರ ಬೆಳಿಗ್ಗೆ ಬಾರಾಕಮಾನು. ಎರಡನೆಯ ಅಲಿ ಆದಿಲ್ ಶಾಹನ ಈ ಸಮಾಧಿ ಮುಗಿಯಲೇ ಇಲ್ಲ. ಮಾಳಿಗೆಯಿಲ್ಲ, ಗುಮ್ಮಟವಿಲ್ಲ, ಕಪ್ಪು ಕಲ್ಲಿನ ಚೂಪು ಕಮಾನುಗಳು, ಅವುಗಳೊಳಗೆ ಆಕಾಶ. ಮುಗಿದ ಕಟ್ಟಡ ಮುಚ್ಚಿಡುವ ಕಟ್ಟೋಣದ ಗುಟ್ಟನ್ನು ಇದು ತೆರೆದು ತೋರುತ್ತದೆ ಎಂದು ಇವರ ಮೆಚ್ಚುಗೆ. ಹುಲ್ಲಿನ ಮೇಲೆ ಕೂತು ಪತ್ರಿಕೆ ಓದಿದೆವು. ಆಮೇಲೆ ಪೇಟೆಗೆ ಹೋಗಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣದ್ರಾಕ್ಷಿ ಕಟ್ಟಿಸಿಕೊಂಡೆವು. ತಾಜ್ ಬಾವಡಿ, ಜಾಮಿಯಾ ಮಸೀದಿ, ಅಸಾರ್ ಮಹಲ್ ಉಳಿದವು, ಉಳಿಯಲೆಂದೇ ಬಿಟ್ಟೆವು.

ಪ್ರವಾಸದ ಬಸ್ಸುಗಳು ವಿಜಯಪುರಕ್ಕೆ ಒಂದೆರಡು ಗಂಟೆ ಕೊಡುತ್ತವೆ: ಗೋಳಗುಮ್ಮಟದಲ್ಲಿ ಒಂದು ಕೂಗು, ಒಂದು ಫೋಟೋ, ಮುಂದಿನ ಊರು. ಈ ಊರಿಗೆ ಅದು ಸಲ್ಲದ ಲೆಕ್ಕ. ಚಳಿಗಾಲದಲ್ಲಿ ಹೋಗಿ, ಒಂದು ರಾತ್ರಿಯಾದರೂ ತಂಗಿ. ಗುಮ್ಮಟಕ್ಕೆ ಮುಂಜಾನೆ, ರೋಜಾಕ್ಕೆ ಬಿಸಿಲೇರುವ ಮುನ್ನ, ಖಾನಾವಳಿಗೆ ಹಸಿದ ಹೊಟ್ಟೆಯಲ್ಲಿ. ಜೊತೆಗೆ ಬದುಕುವವರನ್ನೇ ಕರೆದುಕೊಂಡು ಹೋಗಿ, ಗ್ಯಾಲರಿಯ ಆಚೆ ಬದಿಯಲ್ಲಿ ನಿಲ್ಲಿಸಿ, ಮೆಲ್ಲಗೆ ಮಾತಾಡಿ.