ಈಮ್ ಗ್ರಾಮದ ಎಲ್ಲೆಗಲ್ಲು

ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ನಾನು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿರುವ ಮಗಳ ಮನೆಯಲ್ಲಿದ್ದೆ. ಹಲವು ದಿನ ಮೋಡ ಮುಸುಕಿದ್ದ ಬಾನು ಒಂದು ಶನಿವಾರ ತಿಳಿಯಾಯಿತು. ಸಮೀಪದಲ್ಲಿಯೇ ಈಮ್ ಎಂಬ ಪುರಾತನ ಹಳ್ಳಿಯಿದೆ, ನೋಡಿಬರೋಣವೆಂದು ಅಳಿಯಂದಿರು ಕರೆದೊಯ್ದರು. ವಿಹಾರಕ್ಕೆಂದು ಹೋದವನು ನಾಲ್ಕಾರು ವರ್ಷಗಳಿಂದ ಹೊತ್ತಿದ್ದ ಭಾರವೊಂದನ್ನು ಇಳಿಸಿ ಬಂದೆನಾದ್ದರಿಂದ ಆ ದಿನದ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಈಮ್ ಡರ್ಬಿಷೈರ್ ಸೀಮೆಯ ಗುಡ್ಡಗಳ ನಡುವಣ ಗ್ರಾಮ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿದ ಪೀಕ್ ಡಿಸ್ಟ್ರಿಕ್ಟ್ ಪ್ರದೇಶಕ್ಕೆ ಸೇರಿದ್ದು. ದಾರಿಯ ಇಕ್ಕೆಲಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹೊಲದ ಗೋಡೆಗಳು. ಅವುಗಳ ಒಳಗೆ ತಾಯ ಹಿಂದೆ ಓಡುವ ಕುರಿಮರಿಗಳು. ಚರ್ಚಿನ ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಶಿಲುಬೆಯೊಂದು ನಿಂತಿದೆ. ದಕ್ಷಿಣದ ಗೋಡೆಯ ಮೇಲೆ 1775ರ ನೆರಳು ಗಡಿಯಾರವಿದೆ. ಹಳದಿ ಹೂಗಳು ಸಮಾಧಿಗಳ ನಡುವೆ ಅರಳಿ ನಿಂತಿದ್ದವು. ವಸಂತವು ಸಾವಿನ ಅಂಗಳದಲ್ಲಿಯೂ ಸಂಕೋಚಪಡುವುದಿಲ್ಲ.

ಚರ್ಚಿನ ಪಕ್ಕದ ಪುಟ್ಟ ಮನೆಗಳ ಮುಂದೆ ಫಲಕಗಳಿವೆ. ಪ್ರತಿಯೊಂದರಲ್ಲಿಯೂ ಆ ಮನೆಯಲ್ಲಿ ಮಡಿದವರ ಹೆಸರುಗಳು. 1665ರಲ್ಲಿ ಲಂಡನ್ನಿನಿಂದ ಇಲ್ಲಿಯ ದರ್ಜಿಯೊಬ್ಬನಿಗೆ ಬಟ್ಟೆಯ ಗಂಟು ಬಂದಿತು. ಅದರೊಡನೆ ಪ್ಲೇಗಿನ ಚಿಗಟಗಳೂ ಬಂದವೆಂದು ಹೇಳುತ್ತಾರೆ. ತೇವವಾಗಿದ್ದ ಬಟ್ಟೆಯನ್ನು ಒಣಗಲು ಹರವಿದ ಜಾರ್ಜ್ ವಿಕರ್ಸ್ ಎಂಬಾತ ಕೆಲವೇ ದಿನಗಳಲ್ಲಿ ತೀರಿಕೊಂಡನು. ಅಲ್ಲಿಂದ 1666ರ ನವೆಂಬರ್‌ವರೆಗೆ 260 ಮಂದಿ ಅಳಿದರು. ರೋಗದ ಕಾರಣ ಅಂದು ಯಾರಿಗೂ ತಿಳಿದಿರಲಿಲ್ಲ; ಅಲೆಕ್ಸಾಂಡರ್ ಯೆರ್ಸಿನ್ ಆ ಜೀವಾಣುವನ್ನು ಗುರುತಿಸಿದ್ದು 1894ರಲ್ಲಿ.

ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಮೂವತ್ತು ತುಂಬದ ತರುಣ, ಊರಿಗೆ ಹೊಸಬ. ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ 1662ರ ಪ್ರಾರ್ಥನಾ ಶಾಸನಕ್ಕೆ ತಲೆಬಾಗದೆ ಸ್ಥಾನ ಕಳೆದುಕೊಂಡಿದ್ದವನು. ಜನರ ವಿಶ್ವಾಸ ಅವನಲ್ಲಿಯೇ ಇತ್ತು. ಮತದಲ್ಲಿ ಎದುರುಬದುರಾಗಿದ್ದ ಇವರೀರ್ವರೂ 1666ರ ಜೂನ್‌ನಲ್ಲಿ ಒಂದಾಗಿ, ರೋಗವು ನೆರೆಯೂರುಗಳಿಗೆ ಹರಡದಂತೆ ಯಾರೂ ಎಲ್ಲೆ ದಾಟಬಾರದೆಂದು ಜನರನ್ನು ಒಡಂಬಡಿಸಿದರು. ಚರ್ಚು ಮುಚ್ಚಿ ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿನಲ್ಲಿ ದೂರದೂರ ನಿಂತು ಪ್ರಾರ್ಥಿಸುವುದು, ಸತ್ತವರನ್ನು ಮನೆಯವರೇ ತಮ್ಮ ನೆಲದಲ್ಲಿ ಹೂಳುವುದು ಎಂದು ನಿಶ್ಚಯವಾಯಿತು. ಡೆವನ್‌ಷೈರ್‌ನ ಅರ್ಲ್ ಆಹಾರ ಒದಗಿಸಿದನು. ಆದರೆ ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದನೆಂಬುದನ್ನೂ ಹೇಳಬೇಕು. ಅವನ ಮಡದಿ ಕ್ಯಾಥರೀನ್ ಜೊತೆಗೇ ಉಳಿದು ಆಗಸ್ಟ್‌ನಲ್ಲಿ ಮಡಿದಳು. ಶಿಲುಬೆಯ ಸಮೀಪದಲ್ಲಿಯೇ ಆಕೆಯ ಸಮಾಧಿಯಿದೆ.

ಮಧ್ಯಾಹ್ನ ಊರ ಹೊರಗಿನ ರೈಲಿ ಸಮಾಧಿಗಳ ಬಳಿ ಹೋದೆವು. ಹೊಲದ ನಡುವೆ ವರ್ತುಲಾಕಾರದ ಗೋಡೆ. ಒಳಗೆ ಕೆಲವು ಕಲ್ಲುಗಳು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಇಲ್ಲಿ ಮಣ್ಣು ಮಾಡಿದಳು. ಹೊಲದಲ್ಲಿನ ಆ ಸಮಾಧಿಗಳನ್ನು ಕಂಡೊಡನೆ ನನ್ನ ಕಣ್ಣೆದುರು ಬಂದುದು ನಮ್ಮೂರ ಹೊಲ.

2021ರ ಮೇ ತಿಂಗಳಲ್ಲಿ ನನ್ನ ಅಣ್ಣನವರು ಕೊರೋನಾದಿಂದ ಊರಲ್ಲಿಯೇ ಲಿಂಗೈಕ್ಯರಾದರು. ಸುದ್ದಿ ತಿಳಿದು ಧಾವಿಸಿದೆ. ಊರ ಅಗಸಿಯ ಮುಂದೆ ಮುಳ್ಳುಕಂಟಿ ಹಾಕಿದ್ದರು. ಆಚೆ ನಿಂತಿದ್ದವನು ಅಣ್ಣನವರ ಮಗನೇ. “ಕಾಕಾ, ಅಲ್ಲೇ ನಿಂದರ್ರಿ, ಒಳಗ ಬರಬ್ಯಾಡ್ರಿ” ಎಂದು ಕೈಮುಗಿದನು. ಅಕ್ಷರ ಕಲಿಸಿ, ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣನಿಗೆ ಒಂದು ಹಿಡಿ ಮಣ್ಣು ಹಾಕಲಾಗದೆ ಮರಳಿದೆ. ಅಂದಿನಿಂದ ಆ ಹುಡುಗನೊಡನೆ ನಾನು ಮಾತು ಬಿಟ್ಟಿದ್ದೆ. ಶಾಸ್ತ್ರಗ್ರಂಥಗಳಲ್ಲಿ ಕ್ಷಮೆಯನ್ನು ಕುರಿತು ಓದಿದ್ದು, ಓದಿಸಿದ್ದು, ಯಾವುದೂ ನನ್ನ ನೆರವಿಗೆ ಬರಲಿಲ್ಲ.

ಸಂಜೆ ಸ್ಟೋನಿ ಮಿಡಲ್‌ಟನ್ ಕಡೆಯ ಕಾಲುದಾರಿಯಲ್ಲಿ ಎಲ್ಲೆಗಲ್ಲನ್ನು ಕಂಡೆ. ಸಾಧಾರಣ ಬಂಡೆ, ಮೇಲೆ ಆರು ಕುಳಿಗಳು. ಒಳಗಿನವರು ಅವುಗಳಲ್ಲಿ ವಿನೆಗರ್ ತುಂಬಿ ನಾಣ್ಯಗಳನ್ನಿಡುತ್ತಿದ್ದರು. ಹೊರಗಿನವರು ಆಹಾರವನ್ನಿಟ್ಟು ಆ ಹಣವನ್ನು ಒಯ್ಯುತ್ತಿದ್ದರು. ಆ ಕುಳಿಗಳನ್ನು ಬೆರಳಿನಿಂದ ಮುಟ್ಟಿದೆ. ಅಂಚುಗಳು ನುಣುಪಾಗಿದ್ದವು. ಈ ಕಲ್ಲು ಒಳಗಿನವರು ಹೊರಗಿನವರ ಪ್ರಾಣಕ್ಕಾಗಿ ಒಪ್ಪಿಕೊಂಡ ಗಡಿ. ನಮ್ಮೂರ ಮುಳ್ಳುಕಂಟಿಯೂ ಹಾಗೆಯೇ ಅಲ್ಲವೇ? ರೋಗವಿದ್ದುದು ಒಳಗೆ, ಹೊರಗೆ ನಿಂತಿದ್ದವನು ನಾನು. ಆ ಹುಡುಗ ನನ್ನನ್ನು ದೂರವಿಟ್ಟನೆಂದು ತಿಳಿದಿದ್ದೆ. ತಂದೆಯನ್ನು ಕಳೆದುಕೊಂಡ ದಿನವೇ ಅವನು ನನ್ನನ್ನು ಉಳಿಸಿಕೊಂಡಿದ್ದನು. ಅವನ ಕಣ್ಣೀರನ್ನು ನಾನು ನೋಡಿರಲೇ ಇಲ್ಲ.

ಅಂದೇ ರಾತ್ರಿ ಅವನಿಗೆ ಫೋನು ಮಾಡಿದೆ. ಊರಲ್ಲಿ ಆಗ ನಡುರಾತ್ರಿ ಮೀರಿತ್ತೆಂಬುದೂ ನೆನಪಾಗಲಿಲ್ಲ. “ತಪ್ಪು ನನ್ನದಪ್ಪಾ” ಎಂದೆ. ಬಹಳ ಹೊತ್ತು ಮಾತಿಲ್ಲ. ಬಳಿಕ ಅವನೆಂದನು: “ಕಾಕಾ, ಹೊಲದಾಗ ಅಪ್ಪನ ಗದ್ದುಗಿಗೆ ಇನ್ನೂ ಕಲ್ಲು ಹಾಕಿಸಿಲ್ಲ. ನೀವು ಬರಲಿ ಅಂತ ಬಿಟ್ಟೇನಿ.”

ಊರಿಗೆ ಮರಳಿದ ಮೇಲೆ ಇಬ್ಬರೂ ಸೇರಿ ಆ ಕಲ್ಲನ್ನು ನಿಲ್ಲಿಸಿದೆವು. ಈಮ್ ಗ್ರಾಮದವರು ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ತಮ್ಮ ಹಿರಿಯರನ್ನು ಸ್ಮರಿಸುತ್ತಾರೆ. ಆ ರೋಗದ ದಿನಗಳಲ್ಲಿ ಮುಚ್ಚಿದ ಬಾಗಿಲೊಂದು ಯಾರ ಮನೆಯಲ್ಲಾದರೂ ಇನ್ನೂ ಮುಚ್ಚಿಯೇ ಇದ್ದರೆ, ಹಿರಿಯರಾದವರು ತಾವೇ ಮೊದಲು ಹೋಗಿ ತಟ್ಟಲಿ ಎಂಬುದಷ್ಟೇ ನನ್ನ ಬಿನ್ನಹ.