ಮಾಗಿಯ ಚಳಿಯೂ ಪತ್ತೇದಾರನೂ

ನಮ್ಮ ಉಮ್ಮತ್ತೂರಿನ ಚಳಿಯನ್ನು ಚಳಿಯೆಂದು ಕರೆದರೆ ಹಿಮಾಲಯದ ಕಡೆಯವರು ನಕ್ಕಾರು. ಇಲ್ಲಿ ಹಿಮ ಬೀಳುವುದಿಲ್ಲ. ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊದೆದ ಕಂಬಳಿಯನ್ನು ಮೂಲೆಗೆ ಸೇರಿಸುವಷ್ಟು ಬಿಸಿಲು ಬಂದೇ ಬರುವುದು. ಆದರೂ ಹಿಂಗಾರು ಮಳೆ ಹಿಂದೆಗೆದು ಮಾರ್ಗಶಿರ ಕಾಲಿಟ್ಟಿತೆಂದರೆ, ಬಿಳಿಗಿರಿರಂಗನ ಬೆಟ್ಟದ ಸಾಲು ಹೊತ್ತೇರುವವರೆಗೂ ಮಂಜಿನಲ್ಲಿ ಮರೆಯಾಗಿರುವುದು; ಊರ ಹೊರಗಣ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ನಿಂತಿದ್ದರೂ ಕೊಂಬುಗಳು ಮಾತ್ರ ಕಂಡಾವು. ಶ್ರೀಕೃಷ್ಣದೇವರಾಯನಿಗೆ ಎದುರು ನಿಂತ ಪಾಳೆಯಗಾರರ ಊರು ನಮ್ಮದು. ಆದರೆ ಪುಷ್ಯಮಾಸದ ಮುಂಜಾವಿಗೆ ಎದುರು ನಿಂತ ಶೂರನನ್ನು ನಾನು ಈ ಊರಿನಲ್ಲಿ ಇದುವರೆಗೆ ಕಂಡಿಲ್ಲ.

ಚಳಿಗಾಲದ ಸುಖಗಳೆಲ್ಲವೂ ಅಗ್ಗದ ಸುಖಗಳು. ಬಚ್ಚಲಿನ ಹಂಡೆಯೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅಂಗೈಗಳನ್ನು ಬೆಂಕಿಗೆ ಚಾಚುವುದಕ್ಕೆ ಕಾಸು ಬೇಕಿಲ್ಲ. ಸೌದೆ ಒಟ್ಟುವ ನೆಪದಲ್ಲಿ ಒಂದು ಗಂಟೆಯ ಕಾಲ ಪಾಠವನ್ನು ತಪ್ಪಿಸಿಕೊಳ್ಳಬಹುದಾಗಿದ್ದಿತು. ಅನಂತರ ಬೆಲ್ಲದ ಕಾಫಿ. ಅನಂತರ ಜಗಲಿಯ ಮೇಲೆ ಎಳೆಬಿಸಿಲಿಗೆ ಬೆನ್ನೊಡ್ಡಿ ಬೆಕ್ಕಿನೊಡನೆ ಸ್ಥಳಕ್ಕಾಗಿ ಜಗಳ. ಧನುರ್ಮಾಸದ ಹುಗ್ಗಿಯ ಮೆಣಸಿನ ಖಾರ ಮೂಗಿಗೇರಿ ಕಣ್ಣಿನಲ್ಲಿ ನೀರು ಬಂದಾಗ ಆಗುವ ಹಿತವನ್ನು ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಕಣದಲ್ಲಿ ರಾಗಿಯ ಮೆದೆಯನ್ನು ಕಾಯುವುದಕ್ಕೆಂದು ಹಿರಿಯರೊಡನೆ ಹೋಗಿ, ಹೊಸ ಹುಲ್ಲಿನಲ್ಲಿ ಗುಳಿ ಮಾಡಿಕೊಂಡು, ಕರಿಯ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡು ಮಲಗಿದರೆ ಎಲ್ಲಿಯೋ ದೂರದಲ್ಲಿ ಮಾದೇಶ್ವರನ ಕಥೆ ಹಾಡುವ ಗುಡ್ಡರ ಕಂಸಾಳೆಯ ದನಿ ತೇಲಿ ಬರುತ್ತಿದ್ದಿತು. ಕಥೆಯ ತಿರುವಿನಲ್ಲಿಯೇ ನಮಗೆ ನಿದ್ದೆ ಹತ್ತುತ್ತಿದ್ದುದರಿಂದ ಆ ಕಥೆಯ ಕೊನೆಯನ್ನು ನಾನು ದೊಡ್ಡವನಾದ ಮೇಲೆಯೇ ತಿಳಿದುಕೊಂಡೆನು.

ಈ ಎಲ್ಲಕ್ಕೂ ಮಿಗಿಲಾದ ಸುಖವೊಂದು ರಾತ್ರಿಯ ಊಟವಾದ ಮೇಲೆ ಅಡಿಗೆಯ ಮನೆಯಲ್ಲಿ ಒದಗುತ್ತಿದ್ದಿತು. ಅದಕ್ಕೆ ಬೇಕಾದ ಸಾಮಗ್ರಿಗಳು ಮೂರು: ಒಂದು ಲಾಂದ್ರ, ಒಂದು ಬೋಗುಣಿಯ ತುಂಬ ನೆನೆಹಾಕಿದ ಅವರೆಕಾಳು, ಒಂದು ಪತ್ತೇದಾರಿ ಕಾದಂಬರಿ.

ಅವರೆಯ ವಿಷಯವನ್ನು ಮೊದಲು ಹೇಳಿಬಿಡುವೆನು. ಹಗಲು ಕುಗ್ಗಿ ಇರುಳು ನೀಳವಾದಾಗಲೇ ಹಳೆಯ ನಾಟಿ ಅವರೆ ಹೂವಿಗೆ ಬರುವುದು. ಇಬ್ಬನಿ ಬಿದ್ದಷ್ಟೂ ಅದರ ಸೊಗಡು ಹೆಚ್ಚುವುದೆಂದು ನಮ್ಮವರ ನಂಬಿಕೆ. ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಿಯೂ ಕಾಯಿ ಬಿಡುವ ತಳಿಗಳನ್ನು ಹೆಬ್ಬಾಳದ ಕೃಷಿ ವಿಜ್ಞಾನಿಗಳು ಬೆಳೆಸಿ ಉಪಕಾರ ಮಾಡಿದ್ದಾರೆ. ನಾನೂ ಬೇಸಗೆಯಲ್ಲಿ ಅದನ್ನು ಕೊಂಡು ತಿಂದವನೇ. ಆದರೆ ಸೆಕೆಯಲ್ಲಿ ಬೀಸಣಿಗೆಯ ಕೆಳಗೆ ಕುಳಿತು ತಿಂದ ಅವರೆಕಾಳಿನ ಸಾರು ತಿಥಿ ತಪ್ಪಿ ಮಾಡಿದ ಹಬ್ಬದಂತೆ ನನಗೆ ತೋರುವುದು. ಅದಿರಲಿ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಹೊರಕ್ಕೆ ಹಾರುವುದು. ಪುಸ್ತಕದವರು ಹಿದುಕಿದ ಬೇಳೆಯೆನ್ನುವ ಇದು ನಮ್ಮ ಬಾಯಲ್ಲಿ ಇಸುಕಿದ ಬೇಳೆ. ಒಂದು ಸಂಸಾರಕ್ಕೆ ಆಗುವಷ್ಟನ್ನು ಹಿಸುಕಲು ಎರಡು ಗಂಟೆಯಾದರೂ ಬೇಕು. ಕೈಗೆ ಕೆಲಸ, ಬುದ್ಧಿಗೆ ಬಿಡುವು. ಕಥೆ ಕೇಳುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಿತಿ ಮತ್ತಾವುದಿದೆ?

ಅವ್ವನಿಗೆ ಓದು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮರಳಿನ ಮೇಲೆ ತಿದ್ದಿದ್ದ ನಾಲ್ಕು ಅಕ್ಷರಗಳೂ ಸಂಸಾರದಲ್ಲಿ ಮರೆತುಹೋಗಿದ್ದುವು. ಚಾಮರಾಜನಗರದಲ್ಲಿ ನೌಕರಿಯಲ್ಲಿದ್ದ ಚಿಕ್ಕಪ್ಪ ಶನಿವಾರ ಶನಿವಾರ ಊರಿಗೆ ಬರುವಾಗ, ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಎರಡು ಕಾದಂಬರಿಗಳನ್ನು ಚೀಲದ ತಳದಲ್ಲಿರಿಸಿ ತರುವನು. ಅವುಗಳನ್ನು ನಾನು ಗಟ್ಟಿಯಾಗಿ ಓದುವುದು, ಅವ್ವ ಕೇಳುವುದು. ಚೀಲದ ತಳವೇಕೆಂದರೆ, ನಮ್ಮ ತಂದೆ ಊರಿನ ಮೇಷ್ಟ್ರು. ಮೇಷ್ಟ್ರ ಮನೆಯಲ್ಲಿ ಕೊಲೆ ಕಳವಿನ ಪುಸ್ತಕವೆ? ಅದನ್ನು ಓದಿದವರ ಭಾಷೆ ಕೆಡುವುದು, ನಡತೆ ಕೆಡುವುದು, ಕೊನೆಗೆ ಕಣ್ಣೂ ಕೆಡುವುದೆಂದು ಅವರ ನಿರ್ಣಯ. ಅವರು ಪಡಸಾಲೆಯಲ್ಲಿ ಹುಡುಗರ ಬರೆವಣಿಗೆಯನ್ನು ತಿದ್ದುತ್ತಿರುವಾಗ ನಾವು ಒಳಗಡೆ ದನಿ ತಗ್ಗಿಸಿ ಪಾಪವನ್ನು ಆಚರಿಸುತ್ತಿದ್ದೆವು.

ಅವ್ವನ ಕೈಗಳನ್ನು ನೋಡಿಯೇ ಕಥೆಯ ಗತಿಯನ್ನು ಹೇಳಬಹುದಾಗಿದ್ದಿತು. ವರ್ಣನೆಯ ಭಾಗಗಳಲ್ಲಿ ಬೇಳೆ ಸರಸರನೆ ಬೀಳುವುದು. ಪತ್ತೇದಾರನು ಕತ್ತಲೆಯ ಬಂಗಲೆಯ ಮೆಟ್ಟಿಲನ್ನು ಹತ್ತತೊಡಗಿದಾಗ ಕೈ ನಿಧಾನವಾಗುವುದು. ಬಾಗಿಲು ಕಿರುಗುಟ್ಟಿದಾಗ ನಿಂತೇ ಹೋಗುವುದು. ಒಮ್ಮೆ ಹೆಣವೇ ಎದ್ದು ಕುಳಿತಾಗ ಅವ್ವನ ಬೆರಳಿನಿಂದ ಹಾರಿದ ಬೇಳೆಯೊಂದು ಲಾಂದ್ರದ ಬಿಸಿಗಾಜಿಗೆ ತಗುಲಿ ಚುಂಯ್ಯೆಂದಿತು. ಇಬ್ಬರೂ ಚೀರಿದೆವು. ತಂದೆ ಪಡಸಾಲೆಯಿಂದ “ಏನದು?” ಎಂದರು. “ಜಿರಳೆ” ಎಂದು ಅವ್ವ ಹೇಳಿದಳು. ಜನ್ಮದಲ್ಲಿ ಅವಳು ಆಡಿದ ಸುಳ್ಳುಗಳನ್ನು ನಾನು ಎಣಿಸಬಲ್ಲೆನು. ಬಹುಪಾಲು ಆ ಅಡಿಗೆಯ ಮನೆಯವೇ.

ಕೊಲೆಯ ಕಥೆ ಮನಸ್ಸಿಗೆ ಹೇಗೆ ಹಿತವಾದೀತೆಂದು ಕೆಲವರು ಕೇಳುವುದುಂಟು. ಹೊರಗೆ ಪತ್ತೇದಾರನು ಮಂಜಿನಲ್ಲಿ ನೆನೆಯುತ್ತ, ಊಟ ನಿದ್ದೆಗಳಿಲ್ಲದೆ ಅಲೆಯುತ್ತಿರುವಾಗಲಷ್ಟೆ ನಮ್ಮ ಒಲೆಯ ಬಿಸಿ ನಮಗೆ ಅನುಭವಕ್ಕೆ ಬರುವುದೆಂದು ನಾನು ತಿಳಿದಿರುವೆನು. ಇಂಗ್ಲೆಂಡಿನವರೂ ಈ ಗುಟ್ಟನ್ನು ಬಲ್ಲರು. 1892ರಲ್ಲಿ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸನ ಕಥೆಯೊಂದರಲ್ಲಿ ಕ್ರಿಸ್‌ಮಸ್ಸಿನ ಅಡಿಗೆಗೆಂದು ತಂದ ಹೆಬ್ಬಾತಿನ ಗಂಟಲಚೀಲದಲ್ಲಿ ಕದ್ದ ನೀಲರತ್ನ ದೊರೆಯುವುದು. ಇದನ್ನು ಅವ್ವನಿಗೆ ಹೇಳಿದಾಗ ಅವಳು ಅಂದು ಸುಲಿಯುವುದಕ್ಕಿದ್ದ ಅವರೆಕಾಯಿಯ ರಾಶಿಯನ್ನು ಆಸೆಯಿಂದ ನೋಡಿದಳು. ಅದರಲ್ಲಿ ಹುಳುವಲ್ಲದೆ ಮತ್ತೇನೂ ಸಿಕ್ಕಲಿಲ್ಲ.

1967ನೆಯ ಇಸವಿಯ ಮಾಗಿ. ನನಗೆ ಹನ್ನೆರಡು ವರ್ಷ. ಆ ವಾರ ಚಿಕ್ಕಪ್ಪ ತಂದುದು ಮ. ರಾಮಮೂರ್ತಿಗಳ ಕಾದಂಬರಿ. ಅರ್ಧ ಮುಗಿದಿದ್ದಿತು. ಡಿಸೆಂಬರ್ ತಿಂಗಳ ಕೊನೆಯ ವಾರದ ಒಂದು ಸಂಜೆ ತಂದೆ ಪತ್ರಿಕೆಯನ್ನು ಹಿಡಿದು ಅಡಿಗೆಯ ಮನೆಯ ಹೊಸಿಲಿಗೇ ಬಂದರು. ಅವರು ಅಲ್ಲಿಗೆ ಬರುವುದು ಅಪರೂಪ. ನಾನು ಪುಸ್ತಕವನ್ನು ಬೋಗುಣಿಯ ಹಿಂದೆ ಸರಿಸಿದೆನು. “ಎಂಥ ಅನ್ಯಾಯವಾಯಿತು ನೋಡು” ಎಂದು ತಂದೆ ಓದಿ ಹೇಳಿದರು. ಕನ್ನಡದ ಚಳವಳಿಗಾಗಿ ದುಡಿದ, ಹಳದಿ ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದ, ವೀರಕೇಸರಿ ಸೀತಾರಾಮಶಾಸ್ತ್ರಿಗಳ ಮಗ ರಾಮಮೂರ್ತಿಯವರು, ತೋಡಿಸುತ್ತಿದ್ದ ಬಾವಿ ಕುಸಿದು, ಇಬ್ಬರು ಮಕ್ಕಳೊಡನೆ ತೀರಿಕೊಂಡಿದ್ದರು. ತಂದೆಗೆ ಆತನಲ್ಲಿ ಬಹಳ ಗೌರವ. ಓದುತ್ತ ಅವರ ಗಂಟಲು ಕಟ್ಟಿತು.

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೋಗುಣಿಯ ಹಿಂದಣ ಪುಸ್ತಕವನ್ನು ಎತ್ತಿ, ರಕ್ಷಾಪತ್ರದ ಮೇಲಿನ ಹೆಸರಿನ ಕಡೆಗೆ ಬೆರಳು ತೋರಿಸಿದಳು. ಓದಲು ಬಾರದಿದ್ದರೂ ಯಾವ ಸಾಲಿನಲ್ಲಿ ಬರೆದವರ ಹೆಸರಿರುವುದೆಂದು ಅವಳು ಬಲ್ಲಳು. “ಇವ್ರೇಯಾ?” ಎಂದು ಕೇಳಿದಳು.

ತಂದೆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಹೆಸರನ್ನು ನೋಡಿದರು, ಪತ್ರಿಕೆಯನ್ನು ನೋಡಿದರು, ಮತ್ತೆ ಪುಸ್ತಕವನ್ನು ನೋಡಿದರು. ತಾವು ಪೂಜಿಸುತ್ತಿದ್ದ ಕನ್ನಡಿಗನೂ ತಾವು ಬಾಗಿಲ ಹೊರಗೆ ನಿಲ್ಲಿಸಿದ್ದ ಕಾದಂಬರಿಕಾರನೂ ಒಬ್ಬನೇ ಎಂಬುದು ಆ ದಿನದವರೆಗೂ ಅವರಿಗೆ ತಿಳಿದಿರಲಿಲ್ಲವೆಂದು ತೋರುವುದು. ಏನನ್ನೂ ಹೇಳದೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಹೊರಟುಹೋದರು. ಆ ರಾತ್ರಿ ನಾವು ಓದಲಿಲ್ಲ. ಮರುದಿನ ಓದಿದೆವು, ದನಿಯನ್ನು ತಗ್ಗಿಸಲಿಲ್ಲ. ಪಡಸಾಲೆಯಿಂದ ಪ್ರತಿಭಟನೆ ಬರಲಿಲ್ಲ. ನಾಲ್ಕಾರು ದಿನಗಳಲ್ಲಿ ಒಂದು ವಿಚಿತ್ರವನ್ನು ಕಂಡೆನು: ಬಾಗಿಲ ಮರೆಯಲ್ಲಿ ತಂದೆಯ ಚಾಪೆ ಹಾಸಿದ್ದಿತು, ಬರೆವಣಿಗೆಯ ಪುಸ್ತಕಗಳು ಹರಡಿದ್ದುವು, ಆದರೆ ಕೆಂಪು ಮಸಿಯ ಲೇಖನಿ ಅಲುಗುತ್ತಿರಲಿಲ್ಲ.

ದೊಡ್ಡ ಸಾಹಿತಿಗಳು ಈ ಬಗೆಯ ಕಾದಂಬರಿಗಳನ್ನು ಸಾಹಿತ್ಯದ ಪಂಕ್ತಿಗೆ ಕರೆದವರಲ್ಲ. ಅವುಗಳಲ್ಲಿ ಅನೇಕವು ಆ ಪಂಕ್ತಿಗೆ ಅರ್ಹವೂ ಅಲ್ಲ. ಒಂದೇ ಅಚ್ಚಿನ ಬಂಗಲೆ, ಒಂದೇ ಅಚ್ಚಿನ ಖಳ. ಒಪ್ಪಿದೆನು. ಆದರೆ ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನೆಂಬ ಮೊದಲ ಕಾದಂಬರಿಯನ್ನು ಹೊರತಂದು, 2011ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ವೇಳೆಗೆ ಐನೂರನ್ನು ಮೀರಿ ಬರೆದಿದ್ದರು. ಅವುಗಳನ್ನು ಓದುವುದಕ್ಕಾಗಿಯೇ ಕನ್ನಡ ಓದುವುದನ್ನು ರೂಢಿಸಿಕೊಂಡ ಮನೆಗಳೆಷ್ಟು! ‘ಬಂಗಾರದ ಮನುಷ್ಯ’ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವರಲ್ಲಿ, ಆ ಕಥೆಯನ್ನು ಬರೆದ ಟಿ. ಕೆ. ರಾಮರಾಯರು ಪತ್ತೇದಾರಿ ಕಾದಂಬರಿಗಳಿಗೂ ಹೆಸರಾದವರೆಂದು ಎಷ್ಟು ಮಂದಿ ಬಲ್ಲರು?

ಆ ಚಿತ್ರ ಬಂದ 1972ನೆಯ ವರ್ಷವೇ ನಾನು ಓದಿಗಾಗಿ ಮೈಸೂರು ಸೇರಿದೆನು. ದೀಪಾವಳಿಗೆ ಬಂದವನು ಒಂದು ಕಾದಂಬರಿಯನ್ನು ಅವ್ವನಿಗೆ ಓದತೊಡಗಿ, ರಜೆ ಮುಗಿದುದರಿಂದ ಕೊನೆಯ ಮೂವತ್ತು ಪುಟಗಳನ್ನು ಬಿಟ್ಟು ಹೊರಟೆನು. ಆ ಪುಸ್ತಕದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ, ಮುಂದಿನ ಸಾಲುಗಳಿಂದ ಕೊಲೆಗಾರನಾರೆಂಬುದು ಬಯಲಾಗಿ ಓದುಗರಿಗೆ ದ್ರೋಹವಾದೀತು. ಒಬ್ಬ ಜಮೀನುದಾರ ಸತ್ತಿದ್ದನು. ತಮ್ಮನ ಮಗನ ಮೇಲೂ ಅಡಿಗೆಯವನ ಮೇಲೂ ಗುಮಾಸ್ತನ ಮೇಲೂ ಸಂದೇಹವಿದ್ದಿತು. ಪುಸ್ತಕ ಸ್ವಂತದ್ದಾಗಿದ್ದುದರಿಂದ ಹಿಂದಿರುಗಿಸುವ ಅವಸರವಿರಲಿಲ್ಲ. ಸಂಕ್ರಾಂತಿಗೆ ಬಂದು ಓದುವೆನೆಂದು ಹೇಳಿದ್ದೆನು.

ಸಂಕ್ರಾಂತಿಯ ಹಿಂದಿನ ಸಂಜೆ ಬಸ್ಸಿನಿಂದಿಳಿದು ಮನೆಗೆ ಬಂದಾಗ ಅವ್ವ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು. ಕ್ಷೇಮಸಮಾಚಾರವನ್ನು ಕೇಳುವುದಕ್ಕೂ ಮೊದಲು ಹೇಳಿದಳು: “ಆ ಗುಮಾಸ್ತನೇ ಕನ ಮೊಗ. ನಂಗೆ ಮೊದ್ಲೇ ಅನುಮಾನ ಇತ್ತು.”

ಯಾರು ಓದಿ ಹೇಳಿದರೆಂದು ಕೇಳಿದೆನು. ಯಾರೂ ಇಲ್ಲ. ತಂಗಿಯ ಹಲಗೆಯ ಮೇಲೆ ತಂದೆಯೇ ಅಕ್ಷರ ತಿದ್ದಿಸಿದ್ದರು. ಮೊದಲು ಬಾಲಬೋಧೆಯನ್ನು ತಂದರಂತೆ. ಕಮಲ, ಬಸವ, ಮರ, ಗಿಡ. “ಇದ್ರಲ್ಲಿ ಮುಂದೇನಾಯ್ತದೆ?” ಎಂದು ಅವ್ವ ಕೇಳಿದಳಂತೆ. ಮುಂದೇನೂ ಆಗುವುದಿಲ್ಲವೆಂದು ಮೇಷ್ಟ್ರು ಒಪ್ಪಿಕೊಂಡು, ಕೊಲೆಯ ಪುಸ್ತಕವನ್ನೇ ಪಠ್ಯವನ್ನಾಗಿ ಇರಿಸಿಕೊಂಡರು. ಮೂವತ್ತು ಪುಟಗಳಿಗೆ ಎರಡು ತಿಂಗಳು ಹಿಡಿದಿದ್ದುವು. ಆ ಪುಟಗಳ ಅಂಚಿನಲ್ಲಿ ಒತ್ತಕ್ಷರಗಳನ್ನು ಬಿಡಿಸಿ ಬರೆದ ಕೆಂಪು ಮಸಿಯ ಗುರುತುಗಳು ಈಗಲೂ ಇವೆ. ‘ದುಷ್ಕರ್ಮಿ’ ಎಂಬ ಮಾತಿನ ಪಕ್ಕದಲ್ಲಿ ಮೂರು ಸಲ ಬರೆದಿದೆ; ಅದು ಅವಳಿಗೆ ಬಹಳ ಕಾಟ ಕೊಟ್ಟಿರಬೇಕು.

ಆ ಮೇಲೆ ಮೂವತ್ತು ವರ್ಷಗಳಿಗೂ ಮೀರಿ ಅವ್ವ ತಾನೇ ಓದಿಕೊಂಡಳು. ತಂದೆ 2004ರಲ್ಲಿ ತೀರಿಕೊಂಡರು. ಈಗ ಅವಳಿಗೆ ತೊಂಬತ್ತು ಸಮೀಪಿಸಿದೆ. ಪೊರೆಯ ಶಸ್ತ್ರಚಿಕಿತ್ಸೆ ಎರಡು ಕಣ್ಣುಗಳಿಗೂ ಆದರೂ ಅಕ್ಷರ ಕಾಣುವುದಿಲ್ಲ. ಮೂರು ವರ್ಷಗಳಿಂದ ಮಾಗಿಯಲ್ಲಿ ನಾನು ಊರಿಗೆ ಬಂದಿದ್ದು ಮತ್ತೆ ಓದುತ್ತಿರುವೆನು. ಲಾಂದ್ರದ ಬದಲು ವಿದ್ಯುದ್ದೀಪ, ಬೋಗುಣಿ ಅದೇ. ಕಣ್ಣು ಕಾಣದಿದ್ದರೂ ಬೆರಳುಗಳು ಬೇಳೆಯನ್ನು ಮರೆತಿಲ್ಲ. ಮರೆತಿರುವುದು ಉಳಿದುದನ್ನು. ಮೊದಲ ವರ್ಷ ಆ ಹಳೆಯ ಪುಸ್ತಕವನ್ನೇ ತೆಗೆದು ಓದಿದಾಗ, ಗುಮಾಸ್ತನ ಹೆಸರನ್ನು ಅವಳು ತಾನಾಗಿ ಹೇಳಿಬಿಡುವಳೆಂದು ಕಾದೆನು. ಹೇಳಲಿಲ್ಲ. ಕೊನೆಯ ಪುಟದಲ್ಲಿ ಬೆರಗಾಗಿ, “ಅಯ್ಯೋ, ಅವ್ನಾ!” ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ನೀರು ಕುಡಿಯುವ ನೆಪದಿಂದ ಎದ್ದು ಹೋದೆನು. ಎರಡನೆಯ ವರ್ಷವೂ ಅದೇ ಪುಸ್ತಕವನ್ನು ಕೇಳಿದಳು, ಅದೇ ಬೆರಗು. ಈಗ ನಾನು ಎದ್ದು ಹೋಗುವುದಿಲ್ಲ. ಆ ಬೆರಗನ್ನು ನೋಡುವುದಕ್ಕಾಗಿಯೇ ಕೊನೆಯ ಪುಟವನ್ನು ನಿಧಾನವಾಗಿ ಓದುವೆನು.

ಮೊನ್ನೆ ರಾತ್ರಿ ಅಡಿಗೆಯವನ ವಿಚಾರಣೆಯವರೆಗೆ ಬಂದಿದ್ದೆವು. ಅವ್ವನ ಕೈ ನಿಂತಿತು. ಕಥೆಗಾಗಿ ನಿಂತಿತೆಂದುಕೊಂಡೆನು. ಅವಳು ಬಾಗಿಲ ಕಡೆಗೆ ಮುಖ ತಿರುಗಿಸಿ, “ವಸಿ ಜೋರಾಗಿ ಓದು ಮೊಗ. ಆಚೆ ನಿಮ್ಮಪ್ಪಾರ್ಗೂ ಕೇಳ್ಲಿ” ಎಂದಳು.

ಆ ಪುಟವನ್ನು ಮೊದಲಿನಿಂದ ಮತ್ತೊಮ್ಮೆ, ಗಟ್ಟಿಯಾಗಿ ಓದಿದೆನು. ಈ ಸಲ ಇನ್ನೂ ಹದಿನೆಂಟು ಪುಟಗಳು ಉಳಿದಿವೆ.